ಬಸ್ಸಿನ ದೀಪಕ್ಕೆ ಸಿಕ್ಕ ಪರಿಹಾರ

ಹೋದ ತಿಂಗಳು ತಮ್ಮನ ಮಗಳಿಗೆ ಹೆರಿಗೆಯಾಯಿತೆಂದು ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಕೂಸಿನ ಹಣೆಗೆ ಶಿಲುಬೆಯ ಗುರುತು ಹಾಕಿ, ಬಾಣಂತಿಗೆ ಎರಡು ಮಾತು ಹೇಳಿ ಹೊರಗೆ ಬರುತ್ತಿದ್ದೆ. ಗಂಡಸರ ವಾರ್ಡಿನ ಬಾಗಿಲ ಹತ್ತಿರ ಯಾರೋ ಕಿತ್ತಳೆ ಸುಲಿಯುತ್ತಿದ್ದರು. ಫಿನಾಯಿಲಿನ ಜೊತೆ ಆ ಸಿಪ್ಪೆಯ ವಾಸನೆ ಮೂಗಿಗೆ ಬಂತು. ನನಗೀಗ ಅರವತ್ತು ದಾಟಿದೆ. ಆ ಸಂಗತಿ ನಡೆದು ಮೂವತ್ತು ವರ್ಷದ ಹತ್ತಿರವಾಯಿತು. ಆದರೂ ಅಲ್ಲೇ ಗೋಡೆ ಹಿಡಿದು ನಿಂತೆ.

"ಯಾಕಮ್ಮ, ಸುಸ್ತಾಯ್ತಾ?" ಅಂದಳು ಮಗಳು.

ಸುಸ್ತಲ್ಲ. ಸಿಟ್ಟು. ಇಷ್ಟು ವರ್ಷ ದಿನಾ ಜಪಮಾಲೆ ತಿರುಗಿಸಿದರೂ ಕರಗದ ಸಿಟ್ಟು.

ಆಗ ನಾವು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ರಸ್ತೆಗೆ ಮುಖ ಮಾಡಿದ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ನಮ್ಮವರು ದರ್ಜಿ. ಹೆಸರು ಚೌರಪ್ಪ. ಕೋಟು ಹೊಲಿಯುವುದರಲ್ಲಿ ಒಳ್ಳೆಯ ಕೈ ಅಂತ ಹೆಸರಿತ್ತು. ಕೈಯಷ್ಟೇ ಕಾಲಿನ ಕೆಲಸವೂ ಅದು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಕಾಲಲ್ಲಿ ತುಳಿಯುವ ಮಿಷನ್ನು. ಬೆಳಗಿನಿಂದ ದೀಪ ಹಚ್ಚುವವರೆಗೆ ತುಳಿಯುತ್ತಲೇ ಇರಬೇಕು. ಒಳಗೆ ಅಡುಗೆ ಮಾಡುತ್ತಾ ಆ ಸದ್ದು ಕೇಳಿಯೇ ನಾನು ಹೇಳುತ್ತಿದ್ದೆ, ಈಗ ತೋಳು, ಈಗ ಕಾಲರು ಅಂತ.

ಪಕ್ಕದ ಮನೆಯಲ್ಲಿ ಗುರುಸಿದ್ದಮ್ಮ ಅನ್ನುವವರಿದ್ದರು. ಮಠದ ಭಕ್ತರು, ಲಿಂಗಪೂಜೆಯಾಗದೆ ತೊಟ್ಟು ನೀರು ಕುಡಿಯುವವರಲ್ಲ. ನಮ್ಮಿಬ್ಬರಿಗೂ ದೇವರು ಬೇರೆ, ದೇವರ ಮೇಲಿನ ಭಯ ಒಂದೇ. ಆ ವರ್ಷ ವಿಭೂತಿ ಬುಧವಾರ ನಾನು ನಮ್ಮ ಗುಡಿಯಿಂದ, ಅಂದರೆ ಚರ್ಚಿನಿಂದ, ಹಣೆಯ ಮೇಲೆ ಬೂದಿಯಿಟ್ಟುಕೊಂಡು ಬಂದಾಗ, ಅವರು ಜಗಲಿಯಿಂದಲೇ, "ವರ್ಷಕ್ಕೊಂದಿನ ನೀವೂ ನಮ್ಮೋರೇ ಆಗ್ತೀರ ಕಣಮ್ಮ. ಇನ್ನೊಂದೆರಡು ಬೆರಳು ಎಳ್ಕೊಂಡಿದ್ರೆ ಪೂರ್ತಿ ಆಗ್ತಿತ್ತು" ಅಂದರು. ನಗುತ್ತಾ ಒಳಗೆ ಹೋದೆ. ಯೇಸು ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನ, ನಮ್ಮ ತಪಸ್ಸುಕಾಲ, ಶುರುವಾದದ್ದು ಹಾಗೆ. ಅದರ ಮುಂದಿನ ಮಂಗಳವಾರ ನಮ್ಮವರ ಕಾಲು ಹೋಯಿತು.

ಆ ಕಾಲದಲ್ಲಿ ಬಸ್ಸು ಅಂದರೆ ಒಬ್ಬೊಬ್ಬ ಸಾಹುಕಾರನದು ಒಂದೋ ಎರಡೋ. ಹೊರಡುವ ವೇಳೆ ಅನ್ನುವುದು ಹೆಸರಿಗೆ. ಒಂದೇ ಊರಿಗೆ ಎರಡು ಬಸ್ಸು ಹೊರಟರೆ ಮುಂದಿನ ಮರದಡಿ ನಿಂತ ಜನರನ್ನು ಯಾರು ಮೊದಲು ಹತ್ತಿಸಿಕೊಳ್ಳಬೇಕು ಅಂತ ಓಟ. ನಮ್ಮವರು ಹೊಲಿದ ಕೋಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಗಿರಾಕಿಯ ಮನೆಗೆ ನಡೆದು ಹೋಗುತ್ತಿದ್ದರು. ರಸ್ತೆಯ ಅಂಚಿನಲ್ಲೇ ಇದ್ದರು, ನೋಡಿದವರು ಹತ್ತು ಜನ ಹೇಳಿದರು. ಹಿಂದಿನಿಂದ ಎರಡು ಬಸ್ಸು ಜೋಡಿಯಾಗಿ ಬಂದವು. ಒಂದು ಅಂಚಿಗೆ ಹಾರಿ, ಇವರ ಬಲಗಾಲಿನ ಮೇಲೆ ಹೋಗಿ, ಕಲ್ಲುಕಂಬಕ್ಕೆ ಗುದ್ದಿ ನಿಂತಿತು. ಮೊಣಕಾಲ ಕೆಳಗೆ ಎರಡು ಕಡೆ ಮೂಳೆ ಮುರಿಯಿತು.

ನಾನು ಓಡಿಹೋಗುವ ಹೊತ್ತಿಗೆ ಯಾರೋ ಪುಣ್ಯಾತ್ಮರು ಜಟಕಾದಲ್ಲಿ ಮಲಗಿಸಿದ್ದರು. ಪ್ರಜ್ಞೆ ಇತ್ತು. ನನ್ನನ್ನು ನೋಡಿದ್ದೇ, "ಕೋಟು ಕೊಟ್ಬುಟ್ಟು ಬಾ" ಅಂದರು.

ಜೀವವಿದೆ, ಅದು ಒಂದು ಕೃಪೆ. ಎರಡು ಕೈಯೂ ಚೆನ್ನಾಗಿವೆ, ಅದು ಎರಡು. ಕೋಟಿಗೆ ಮಣ್ಣೂ ತಾಗಿರಲಿಲ್ಲ, ಅದು ಮೂರು. ಹೀಗೆ ಎಣಿಸುವುದು ನನ್ನ ತಾಯಿಯಿಂದ ಬಂದ ಅಭ್ಯಾಸ. ಆಸ್ಪತ್ರೆಯ ಜಗಲಿಯಲ್ಲಿ ಕೂತು ಏಳರವರೆಗೆ ಎಣಿಸಿದೆ. ಈಗ ಅನ್ನಿಸುತ್ತದೆ, ಆಗ ಕೃಪೆ ಎಣಿಸುವ ಬದಲು ಬಸ್ಸಿನವನ ತಪ್ಪು ಎಣಿಸಬೇಕಿತ್ತು.

ಬಸ್ಸಿನ ಸಾಹುಕಾರರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ; ಅವರೇನು ಮಾಡಿದರು ಪಾಪ. ಸಾಹುಕಾರರ ಆಫೀಸಿನ ಗುಮಾಸ್ತ ನಮ್ಮ ಗುಡಿಯವನೇ. ಅವನನ್ನು ಇನ್ನಾಸಪ್ಪ ಅಂತ ಕರೆಯೋಣ. ಭಾನುವಾರ ಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಮೊಣಕಾಲೂರುವವನು.

ಐದು ವಾರ ಸಾಹುಕಾರರು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ನಮ್ಮವರು ಕಾಲಿಗೆ ಹಲಗೆ ಕಟ್ಟಿಸಿಕೊಂಡು ಮಲಗಿದಲ್ಲೇ ಅವರನ್ನು ಬೈಯುತ್ತಿದ್ದರು. ಬೈಗುಳ ಗೊತ್ತಿಲ್ಲದ ಮನುಷ್ಯ. ಪಕ್ಕದ ಮಂಚದ ಗಾಡಿಯವನಿಂದ ಕಲಿತುಕೊಂಡು ಬೈಯುತ್ತಿದ್ದರು. ನನಗೆ ಅದೇ ಚಿಂತೆ. ಯಾಕೆಂದರೆ ನಮ್ಮಲ್ಲಿ ಪಾಸ್ಕ ಹಬ್ಬಕ್ಕೆ ಮುಂಚೆ ಪಾಪನಿವೇದನೆ ಮಾಡಿ ಪರಮಪ್ರಸಾದ ತೆಗೆದುಕೊಳ್ಳಲೇಬೇಕು, ಮತ್ತು ಮನಸ್ಸಿನಲ್ಲಿ ಹಗೆ ಇಟ್ಟುಕೊಂಡು ತೆಗೆದುಕೊಳ್ಳುವ ಹಾಗಿಲ್ಲ. ನಮ್ಮ ಗುಡಿಯಲ್ಲಿ ಪಾಸ್ಕಕ್ಕೆ ಮುಂಚಿನ ಪವಿತ್ರ ವಾರ ಬಂತೆಂದರೆ, ವರ್ಷವೆಲ್ಲಾ ಮಾತು ಬಿಟ್ಟವರು ಅಂಗಳದಲ್ಲಿ ಒಬ್ಬರ ಕೈ ಒಬ್ಬರು ಹಿಡಿದು "ತಪ್ಪಾಯ್ತು" ಅನ್ನುವುದು ರೂಢಿ. ನಮ್ಮ ಪಾದ್ರಿ ಸ್ವಾಮಿಗಳೇ ಪಕ್ಕದಲ್ಲಿ ನಿಂತು ಕೈ ಕೂಡಿಸುತ್ತಿದ್ದರು. ನಮ್ಮವರು ಮಾತ್ರ, "ಪ್ರಸಾದ ಇಲ್ದಿದ್ರೂ ಇರ್ತೀನಿ, ಆ ಮನುಷ್ಯನ್ನ ಕ್ಷಮಿಸಲ್ಲ" ಅಂತ ಕೂತರು. ಅಲ್ಲ, ಮಲಗಿದರು.

ಆಮೇಲಿನ ತಪ್ಪು ನನ್ನದು. ಅದನ್ನು ಬರೆಯದೆ ಇದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಒಂದು ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆ ಮುಗಿದ ಮೇಲೆ ಗುಡಿಯ ಮೆಟ್ಟಿಲಲ್ಲಿ ಇನ್ನಾಸಪ್ಪನನ್ನು ನಾನೇ ನಿಲ್ಲಿಸಿದೆ. "ನಿಮ್ಮ ಸಾಹುಕಾರರು ಒಂದ್ಸಲ ಬಂದು ಬಾಯಿಮಾತಿಗಾದ್ರೂ ತಪ್ಪಾಯ್ತು ಅಂದ್ರೆ ಇವರ ಮನಸ್ಸು ಇಳೀತದೆ. ಪವಿತ್ರ ಗುರುವಾರ ಸ್ವಾಮಿಗಳು ಆಸ್ಪತ್ರೆಗೆ ಪ್ರಸಾದ ತರ್ತಾರೆ. ಅಷ್ಟರೊಳಗೆ ಕರ್ಕೊಂಡ್ ಬಾಪ್ಪ" ಅಂದೆ.

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಆಯ್ತಕ್ಕ. ನಾನು ನೋಡ್ಕೋತೀನಿ" ಅಂದ. ಎಷ್ಟು ಒಳ್ಳೆಯ ಹುಡುಗ ಅಂತ ಅವತ್ತು ರಾತ್ರಿ ಅವನಿಗಾಗಿ ಒಂದು ಪರಲೋಕ ಮಂತ್ರ ಹೆಚ್ಚಾಗಿ ಹೇಳಿದೆ.

ಪವಿತ್ರ ಗುರುವಾರ ಬೆಳಿಗ್ಗೆ ಸಾಹುಕಾರರು ಬಂದರು. ಹಿಂದೆ ಇನ್ನಾಸಪ್ಪ, ಅವನ ಕೈಯಲ್ಲಿ ಒಂದು ಬುಟ್ಟಿ ಕೊಡಗಿನ ಕಿತ್ತಳೆ. ಕಾಲ ಮುಗಿದ ಹಣ್ಣು. ಮೇಲೆ ಬಣ್ಣ, ಒಳಗೆ ನಾರು. ಅದೇ ಹೊತ್ತಿಗೆ ನಮ್ಮ ಸ್ವಾಮಿಗಳೂ ಬಂದರು. ಫ್ರಾನ್ಸ್ ದೇಶದವರು, ಮೈಸೂರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಪುಸ್ತಕದಲ್ಲಿ ಅಚ್ಚಾದ ಹಾಗೆ ಕನ್ನಡ ಮಾತಾಡುತ್ತಿದ್ದರು.

"ಚೌರಪ್ಪನೇ, ಈ ಮನುಷ್ಯರು ನಿನ್ನ ಬಳಿಗೆ ಬಂದಿರುತ್ತಾರೆ. ನೀನು ಕೈಯನ್ನು ಕೊಡುವೆಯೋ?"

ಸಾಹುಕಾರರು ಹಲಗೆ ಕಟ್ಟಿದ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ತಪ್ಪಾಯ್ತು ಚೌರಪ್ಪ. ಡ್ರೈವರಿಗೆ ಬುದ್ಧಿ ಕಮ್ಮಿ" ಅಂದರು. ಕಣ್ಣಲ್ಲಿ ನೀರೂ ಬಂತು. ನಮ್ಮವರು ಕೈ ಚಾಚಿದರು. ಸ್ವಾಮಿಗಳು ಎರಡೂ ಕೈಯನ್ನು ಕೂಡಿಸಿ ಹಿಡಿದರು. ಸ್ವಾಮಿಗಳು ನಮ್ಮವರ ಪಾಪನಿವೇದನೆ ಕೇಳಲೆಂದು ನಾವೆಲ್ಲ ದೂರ ಸರಿದೆವು. ಆಮೇಲೆ ಪ್ರಸಾದ ಕೊಟ್ಟರು. ನಾನು ನೆಲದ ಮೇಲೆ ಮೊಣಕಾಲೂರಿ ಅತ್ತೆ.

ಸ್ವಾಮಿಗಳು ಹೆಂಗಸರ ವಾರ್ಡಿಗೆ ಹೋದರು. ಆಗ ಇನ್ನಾಸಪ್ಪ ಜೇಬಿನಿಂದ ಒಂದು ಕಾಗದ ತೆಗೆದ. ಇಂಗ್ಲಿಷಿನಲ್ಲಿ ಟೈಪಾದದ್ದು, ಕೆಳಗೆ ಸ್ಟಾಂಪು.

"ಸ್ವಾಮಿಗಳ ಮುಂದೆ ಸಮಾಧಾನ ಆಯ್ತು ಅಂತ ಒಂದ್ ಮಾತು ಬರ್ದದೆ, ಅಷ್ಟೇ ಕಣಕ್ಕ. ಲೈಸೆನ್ಸಿಗೆ ಕೇಳ್ತಾರೆ. ಇಲ್ದಿದ್ರೆ ಬಸ್ಸು ನಿಂತೋಗ್ತದೆ, ಡ್ರೈವರ್ ಮಕ್ಳು ಉಪವಾಸ."

"ಕನ್ನಡದಲ್ಲಿ ಬರೆಸ್ಕೊಂಡು ಬಾ, ಓದ್ಬುಟ್ಟು ಹಾಕ್ತೀನಿ" ಅಂದರು ನಮ್ಮವರು.

ನಾನು ಅಡ್ಡ ಬಾಯಿ ಹಾಕಿದೆ. "ಈಗತಾನೆ ಪ್ರಸಾದ ತಗೊಂಡಿದೀರಿ. ಬಾಯಲ್ಲಿ ದೇವರನ್ನಿಟ್ಕೊಂಡು ಅನುಮಾನ ಮಾಡ್ತೀರಲ್ಲ. ಕೈ ಕೊಟ್ಟಾದ್ಮೇಲೆ ಕಾಗದಕ್ಕೇನು" ಅಂದೆ. ಮೊಣಕೈ ಕೆಳಗೆ ದಿಂಬಿಟ್ಟು, ಪೆನ್ನು ಅವರ ಬೆರಳಿಗೆ ಸಿಕ್ಕಿಸಿದವಳೂ ನಾನೇ. ಸಾಕ್ಷಿ ಅಂತ ಕೆಳಗೆ, ಕಾನ್ವೆಂಟಿನ ಅಮ್ಮಗಳು ಕಲಿಸಿದ ದುಂಡು ಅಕ್ಷರದಲ್ಲಿ, ಲೂರ್ದಮ್ಮ ಅಂತ ಬರೆದುಕೊಟ್ಟೆ.

ಪಾಸ್ಕ ಹಬ್ಬ ಕಳೆದ ಮೇಲೆ ಹಲಗೆ ಬಿಚ್ಚಿದರು. ಕಾಲು ಸೊಟ್ಟ ಕೂಡಿಕೊಂಡಿತ್ತು, ಮೂರು ಬೆರಳಿನಷ್ಟು ಗಿಡ್ಡ. ಪಾದ ಅಲ್ಲಾಡುತ್ತಿರಲಿಲ್ಲ. ಎರಡು ಕಡೆ ಮುರಿದದ್ದು, ಇಲ್ಲಿಯ ಡಾಕ್ಟರು ತಮ್ಮ ಕೈಲಾದದ್ದು ಮಾಡಿದ್ದರು. ಅವರ ಮೇಲೆ ನನಗೆ ದೂರಿಲ್ಲ. ಅವರೇ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಮದರಾಸಿನಲ್ಲೊಬ್ಬ ದೊಡ್ಡ ಡಾಕ್ಟರಿದ್ದಾರೆ. ಮತ್ತೆ ಮುರಿದು, ಒಳಗೆ ಲೋಹದ ಪಟ್ಟಿ ಇಟ್ಟು ಕೂಡಿಸ್ತಾರೆ. ಮಿಷನ್ ತುಳಿಯೋ ಹಾಗೆ ಆಗಬಹುದು. ಆದರೆ ಮೂರು ತಿಂಗಳೊಳಗೆ ಹೋಗಬೇಕು. ಮೂಳೆ ಗಟ್ಟಿಯಾದ್ಮೇಲೆ ಯಾರೂ ಮುಟ್ಟೋದಿಲ್ಲ."

ಮದರಾಸು, ರೈಲು, ಡಾಕ್ಟರು, ತಿಂಗಳುಗಟ್ಟಲೆ ಆಸ್ಪತ್ರೆ. ನಮ್ಮ ಮನೆಯಲ್ಲಿ ಅಷ್ಟು ಎಲ್ಲಿಂದ ಬರಬೇಕು. ಮಿಷನ್ನು ಮಾರಿದರೆ ಬಂದೀತು, ಮಾರಿದ ಮೇಲೆ ಕಾಲು ಯಾತಕ್ಕೆ.

ಗುರುಸಿದ್ದಮ್ಮನವರೇ ದಾರಿ ತೋರಿಸಿದರು. "ನಮ್ಮಳಿಯ ಹೇಳ್ತಿದ್ದ, ಬಸ್ಸುಗಳಿಗೆಲ್ಲ ಇನ್ಶೂರೆನ್ಸು ಅಂತ ಮಾಡಿಸಿರ್ತಾರಂತೆ. ಏನಾದ್ರೂ ಆದ್ರೆ ಕಂಪನಿಯೋರು ಕೊಡ್ತಾರಂತೆ. ಓಗಿ ಕೇಳಾನ ನಡೀರಿ."

ಸಾಹುಕಾರರ ಆಫೀಸಿಗೆ ಹೋದೆವು. ಅವತ್ತು ಊರಿನಲ್ಲಿಲ್ಲ. ಮತ್ತೆ ಹೋದೆವು, ಊಟಕ್ಕೆ ಹೋಗಿದ್ದಾರೆ. ನಾಲ್ಕನೆಯ ಸಲ ಸಿಕ್ಕಿದರು. "ಇನ್ಶೂರೆನ್ಸ್ ಅದೆ ಕಣಮ್ಮ, ಕಂಪನಿಯೋರನ್ನ ಕೇಳ್ಕೊಳ್ಳಿ" ಅಂದರು. ಕಂಪನಿಯವರು ಮೊದಲು ಅರ್ಜಿ ಬರೆದುಕೊಡಿ ಅಂದರು. ಬರೆಸಿಕೊಟ್ಟೆವು. ಅರ್ಜಿ ಬೊಂಬಾಯಿಗೆ ಹೋಗಿದೆ ಅಂದರು. ಬೇಸಿಗೆ ಮುಗಿದು ಆಷಾಢದ ಗಾಳಿ ಎದ್ದಿತು. ಬಾಗಿಲು ಕಿಟಕಿ ಹಗಲೆಲ್ಲ ಬಡಿದುಕೊಳ್ಳುತ್ತಿದ್ದವು. ಮಿಷನ್ನಿನ ಸದ್ದು ಮಾತ್ರ ಇರಲಿಲ್ಲ. ನಮ್ಮವರು ಮಂಚದ ಮೇಲೆ ಕೂತು ಕಾಜಾ, ಗುಂಡಿ, ಅಂಚು ಹೊಲಿಗೆ ಅಂತ ಬೇರೆ ದರ್ಜಿಗಳು ಕೊಟ್ಟ ಕೈಕೆಲಸ ಮಾಡುತ್ತಿದ್ದರು. ನಾನು ಗೋಡೆಯ ಪಂಚಾಂಗ ನೋಡುವುದನ್ನೇ ಬಿಟ್ಟೆ.

ಕೊನೆಗೆ ಕಂಪನಿಯ ಏಜೆಂಟರೇ ಬರಹೇಳಿದರು. ಆಫೀಸು ಮಹಡಿಯ ಮೇಲಿತ್ತು. ನಮ್ಮವರು ಹತ್ತಲಾರದೆ ಜಟಕಾದಲ್ಲೇ ಉಳಿದರು, ನಾನೂ ಗುರುಸಿದ್ದಮ್ಮನವರೂ ಮೇಲೆ ಹೋದೆವು. ಏಜೆಂಟರು ಮರ್ಯಾದಸ್ಥರು. ಕುರ್ಚಿ ಹಾಕಿಸಿ ಕೂರಿಸಿದರು. ಒಂದು ಕಾಗದ ಮುಂದಿಟ್ಟುಕೊಂಡು ಬೆರಳಿಟ್ಟು ತೋರಿಸುತ್ತಾ ಹೇಳಿದರು.

"ನೋಡಿಯಮ್ಮ, ಇದು ಬಸ್ಸಿಗೆ ಮಾಡಿಸಿರೋದು. ಬೆಂಕಿ ಬಿದ್ದರೆ, ಕಳುವಾದರೆ, ಗುದ್ದಿಕೊಂಡು ಮುರಿದರೆ ಬಸ್ಸಿಗೆ ಕೊಡ್ತೀವಿ. ರಸ್ತೆಯಲ್ಲಿರೋ ಜನಕ್ಕೆ ಏನಾದರೂ ಆದರೆ ಕೊಡೋದು ಬೇರೆ. ಅದಕ್ಕೆ ಮೂರನೆಯವರ ಹೊಣೆ ಅಂತೀವಿ. ಅದಕ್ಕೆ ವರ್ಷಕ್ಕೆ ಇನ್ನೊಂದಿಷ್ಟು ಹೆಚ್ಚು ಕಟ್ಟಬೇಕು. ನಾನೇ ಹೇಳಿದ್ದೆ, ಸಾಹುಕಾರರು ಬೇಡ ಅಂದರು. ಸರ್ಕಾರದ ಕಡ್ಡಾಯವೂ ಇಲ್ಲ."

"ಕಾಲು ಮುರಿಸ್ಕೊಂಡೋರು ಮೂರನೆಯವರಾ?" ಅಂದೆ.

"ಲೆಕ್ಕದ ಪ್ರಕಾರ ಹೌದಮ್ಮ."

"ಹಾಗಾದ್ರೆ ನಿಮ್ಮ ಕಂಪನಿ ಇದುವರೆಗೆ ಏನೂ ಕೊಟ್ಟಿಲ್ವಾ?"

ಅವರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಬಸ್ಸಿಗೆ ಕೊಟ್ಟಾಯ್ತು. ಮಾರ್ಚಿನಲ್ಲೇ. ಮುಂದಿನ ಎರಡು ದೀಪ, ಮಡ್‌ಗಾರ್ಡು, ರೇಡಿಯೇಟರು."

ಕಿಟಕಿಯಿಂದ ಕೆಳಗೆ ನೋಡಿದೆ. ಜಟಕಾದ ಹಿಂದೆ ಕಾಲು ಚಾಚಿ ನಮ್ಮವರು ಕೂತಿದ್ದರು. ಬಸ್ಸು ಯಾರ ಮೇಲೆ ಹತ್ತಿತೋ ಅವರಿಗೆ ಏನೂ ಇಲ್ಲ. ಹತ್ತಿದ ಬಸ್ಸಿನ ಕಣ್ಣಿಗೆ ಮಾರ್ಚಿನಲ್ಲೇ ಹೊಸ ಗಾಜು. ಪವಿತ್ರ ಗುರುವಾರ ಅವರು ಬಂದು ಕಣ್ಣೀರು ಹಾಕಿದಾಗ ಆ ದುಡ್ಡು ಆಗಲೇ ಕೈಗೆ ಬಂದಿತ್ತು. ನನಗೆ ಅಲ್ಲಿಯವರೆಗೆ ಸಿಟ್ಟು ಅಂದರೆ ಏನು ಅಂತ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಅದು ಬಿಸಿಯಾಗಿರುತ್ತದೆ ಅಂದುಕೊಂಡಿದ್ದೆ. ತಣ್ಣಗಿತ್ತು.

"ಇನ್ನು ನೀವು ಸಾಹುಕಾರರನ್ನೇ ಕೇಳಬೇಕು" ಅಂದರು ಏಜೆಂಟರು. "ಆದರೆ ಅವರ ಹತ್ತಿರ ನಿಮ್ಮ ಯಜಮಾನರು ಬರೆದುಕೊಟ್ಟ ಕಾಗದ ಒಂದಿದೆಯಂತಲ್ಲ."

ಆ ಕಾಗದದಲ್ಲಿ ಏನಿತ್ತು ಅನ್ನುವುದು ನಾವು ಹಿಡಿದ ವಕೀಲರು ಅದರ ನಕಲು ತರಿಸಿ ಓದಿದ ಮೇಲೆ ತಿಳಿಯಿತು. ತಕ್ಕ ಪರಿಹಾರವನ್ನು ಪೂರ್ತಿಯಾಗಿ ಪಡೆದಿದ್ದೇವೆ. ಮುಂದೆ ಎಂದೆಂದಿಗೂ ಬಸ್ಸಿನ ಮಾಲೀಕರ ಮೇಲೆ ಯಾವ ಹಕ್ಕನ್ನೂ ಸಾಧಿಸುವುದಿಲ್ಲ. ಕೆಳಗೆ ಸಾಕ್ಷಿ, ಲೂರ್ದಮ್ಮ.

ಅವರಲ್ಲಿಂದ ಮನೆಗೆ ಬಂದು ಜಗಲಿಯಲ್ಲಿ ಕೂತೆ. ಗುರುಸಿದ್ದಮ್ಮನವರು ಪಕ್ಕದಲ್ಲಿ ಬಂದು ಕೂತರು. ಆಮೇಲೆ ಅಂದರು, "ಅಲ್ಲ ಕಣಮ್ಮ, ನಿಮ್ ದೇವ್ರು ಕ್ಷಮಿಸಿ ಅಂತಾನೆ, ಸರಿ. ನಮ್ ಶರಣರೂ ಅದ್ನೇ ಹೇಳವ್ರೆ. ಸ್ಟಾಂಪು ಹಚ್ಚಿ ಬರ್ಕೊಡಿ ಅಂತ ಎಲ್ಲಿ ಹೇಳವ್ನೆ?"

ನಮ್ಮವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಪೆನ್ನು ಸಿಕ್ಕಿಸಿದವಳು ನೀನು ಅಂತ ಒಂದು ಸಲ ಅಂದುಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು. ಅನ್ನಲಿಲ್ಲ. ಅದು ಕೃಪೆಯೋ ಶಿಕ್ಷೆಯೋ, ಇವತ್ತಿಗೂ ಯಾವ ಕಡೆ ಎಣಿಸಬೇಕೋ ಗೊತ್ತಾಗಿಲ್ಲ.

ವಕೀಲರು ವಯಸ್ಸಾದವರು. "ಕಾಗದ ಮುರಿಯಬಹುದಮ್ಮ. ಪರಿಹಾರ ಅಂತ ನಿಮಗೆ ಬಂದದ್ದು ಒಂದು ಬುಟ್ಟಿ ಹಣ್ಣು ಅನ್ನೋದಕ್ಕೆ ಸಾಕ್ಷಿ ಬೇಕು, ಅಷ್ಟೆ" ಅಂದರು. ನಾನು ಸ್ವಾಮಿಗಳ ಹತ್ತಿರ ಹೋದೆ. ಅವರು ಕೇಳಿ ಕುರ್ಚಿಯಿಂದ ಎದ್ದುಬಿಟ್ಟರು.

"ಅಮ್ಮಾ, ನಾನು ಕೈಗಳನ್ನು ಕೂಡಿಸಿದೆನು. ಕಾಗದವನ್ನು ನಾನು ಕಾಣಲಿಲ್ಲ. ನನ್ನ ಬೆನ್ನ ಹಿಂದೆ ಇದನ್ನು ಮಾಡಿದರು. ನಾನು ನ್ಯಾಯಸ್ಥಾನಕ್ಕೆ ಬಂದು ಹೇಳುವೆನು."

ಸಂತೋಷದಿಂದ ವಕೀಲರ ಹತ್ತಿರ ವಾಪಸ್ಸು ಹೋದರೆ ಅವರ ಮುಖ ಸಪ್ಪೆಯಾಗಿತ್ತು. ಅವರು ಕಳಿಸಿದ ನೋಟೀಸು ತಲುಪಿದ ವಾರದಲ್ಲೇ ಸಾಹುಕಾರರು ಬಸ್ಸನ್ನು ಬಾವಮೈದನ ಹೆಸರಿಗೆ ಮಾಡಿಬಿಟ್ಟಿದ್ದರು. ಮನೆ ಮೊದಲೇ ಹೆಂಡತಿಯ ಹೆಸರಿನಲ್ಲಿತ್ತು. "ಕೇಸು ಗೆಲ್ತೀರಿ. ಎರಡು ಮೂರು ವರ್ಷ ಹಿಡಿಯುತ್ತೆ. ಗೆದ್ದ ಮೇಲೆ ವಸೂಲಿಗೆ ಹೋದರೆ ಆ ಮನುಷ್ಯನ ಹೆಸರಲ್ಲಿ ಉಟ್ಟ ಪಂಚೆ ಬಿಟ್ಟು ಬೇರೇನೂ ಇರೋದಿಲ್ಲ" ಅಂದರು.

ಡಾಕ್ಟರು ಹೇಳಿದ ಮೂರು ತಿಂಗಳು ಆಗಲೇ ಮುಗಿದಿತ್ತು. ಒಂದೆರಡು ವಾರ ಆಚೀಚೆಯಾದರೆ ಏನಾದೀತು ಅಂತ ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ಬೆಳಗಿನ ಪೂಜೆ ಮುಗಿಸಿ, ಜಪಮಾಲೆಯನ್ನು ಕೈಯಲ್ಲಿ ಸುತ್ತಿಕೊಂಡು, ನೇರವಾಗಿ ಬಸ್ಸು ನಿಲ್ಲುವ ಜಾಗಕ್ಕೆ ಹೋದೆ. ಭಾದ್ರಪದದ ಜಿಟಿಜಿಟಿ ಮಳೆ. ಆ ಬಸ್ಸು ನಿಂತಿತ್ತು, ಹೊಸ ದೀಪಗಳು ಹೊಳೆಯುತ್ತಿದ್ದವು. ನಾನು ಹತ್ತುವ ಮೆಟ್ಟಿಲಿನ ಪಕ್ಕ ನಿಂತೆ. ಹತ್ತಲು ಬಂದ ಮೊದಲನೆಯವರು ಒಬ್ಬ ಮುದುಕಿ.

"ತಾಯಿ, ಹತ್ತೋಕೆ ಮುಂಚೆ ಒಂದ್ ಮಾತು ಕೇಳಿ. ಈ ಬಸ್ಸು ನಮ್ಮ ಯಜಮಾನರ ಕಾಲ ಮೇಲೆ ಹೋಯ್ತು. ಬಸ್ಸಿನ ದೀಪಕ್ಕೆ ಪರಿಹಾರ ತಗೊಂಡ್ರು. ಕಾಲಿಗೆ ಒಂದ್ ಬುಟ್ಟಿ ಕಿತ್ತಳೆ ಕೊಟ್ರು. ಇಷ್ಟೇ. ಈಗ ಬೇಕಿದ್ರೆ ಹತ್ತಿ."

ಮುದುಕಿ ನನ್ನ ಮುಖ ನೋಡಿ, ಬಸ್ಸಿನ ಮುಖ ನೋಡಿ, ಹಿಂದಿನ ಬಸ್ಸಿಗೆ ಹೋದಳು.

ಬಂದ ಒಬ್ಬೊಬ್ಬರಿಗೂ ಅದನ್ನೇ ಹೇಳಿದೆ. ಬೈಯಲಿಲ್ಲ, ಶಾಪ ಹಾಕಲಿಲ್ಲ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಬಸ್ಸು ಅರ್ಧ ಖಾಲಿ ಹೊರಟಿತು. ಮಾರನೆಯ ದಿನವೂ ಹೋದೆ. ಹಿಂದಿನ ಬಸ್ಸಿನ ಕಂಡಕ್ಟರಿಗೆ ಹಬ್ಬವೋ ಹಬ್ಬ. "ಅಮ್ಮೋರು ಹೇಳಿದ್ದು ಕೇಳುದ್ರಾ? ಬನ್ನಿ ಬನ್ನಿ, ನಮ್ ಗಾಡಿಗೆ ಬನ್ನಿ" ಅಂತ ಕೂಗುತ್ತಿದ್ದ. ನಾನು ತಿರುಗಿ ಕೇಳಿದೆ, "ನಿಮ್ಮ ಗಾಡಿಗೆ ರಸ್ತೆ ಜನಕ್ಕಾಗೋ ಇನ್ಶೂರೆನ್ಸ್ ಇದ್ಯೇನಪ್ಪಾ?" ಅವನು ಬೀಡಿ ಹಚ್ಚುವ ನೆಪದಲ್ಲಿ ಆಚೆ ಹೋದ. ಅವನದೂ ಇಲ್ಲ, ಅದರ ಹಿಂದಿನವನದೂ ಇಲ್ಲ. ಸಾಲಾಗಿ ನಿಂತ ಅಷ್ಟೂ ಬಸ್ಸುಗಳು, ಅವುಗಳ ಮುಂದೆ ನಡೆದು ಹೋಗುವ ಅಷ್ಟೂ ಜನ. ಅವತ್ತಿಂದ ನಾನು ಆ ಮಾತನ್ನೂ ಸೇರಿಸಿ ಹೇಳತೊಡಗಿದೆ. ಕಂಡಕ್ಟರು ಮತ್ತೆ ನನ್ನನ್ನು ಹೊಗಳಲಿಲ್ಲ.

ಐದನೆಯ ದಿನ ಇನ್ನಾಸಪ್ಪ ಬಂದ. "ಅಕ್ಕ, ಕೈ ಹಿಡಿದು ಕ್ಷಮಿಸಾಯ್ತಲ್ಲ. ಇದು ಕ್ರೈಸ್ತರು ಮಾಡೋ ಕೆಲ್ಸವಾ?"

"ನಾನು ಬೈದೆನಾ ಇನ್ನಾಸಪ್ಪ?"

"ಇಲ್ಲ."

"ಸುಳ್ಳು ಹೇಳಿದ್ನಾ?"

ಅವನು ಮೆಟ್ಟಿಲಿಗೆ ಅಡ್ಡ ಬಂದು ನಿಂತ.

"ಅವರ ಪಾಪ ಕ್ಷಮಿಸಿದೀನಿ. ನಮ್ಮ ಯಜಮಾನರ ಕಾಲು ಅವರಿಗೆ ದಾನ ಕೊಟ್ಟಿಲ್ಲ. ಪಕ್ಕಕ್ಕೆ ಸರೀಪ್ಪ, ಹತ್ತೋರಿಗೆ ಕಾಣಬೇಕು ನಾನು."

ಎಂಟನೆಯ ದಿನ ಸ್ವಾಮಿಗಳು ಸೈಕಲ್ಲಿನಲ್ಲಿ ಬಂದರು. ಯಾರೋ ದೂರು ಕೊಟ್ಟಿದ್ದಾರೆ, ಬೈಯಲಿಕ್ಕೆ ಬಂದರು ಅಂದುಕೊಂಡೆ. ಅವರು ಸೈಕಲ್ಲನ್ನು ಮರಕ್ಕೆ ಒರಗಿಸಿ, ಸ್ವಲ್ಪ ಹೊತ್ತು ದೂರ ನಿಂತು ನಾನು ಹೇಳುವುದನ್ನು ಕೇಳಿದರು. ಆಮೇಲೆ ಕೊಡೆ ಬಿಚ್ಚಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತರು. ಬಿಳಿ ನಿಲುವಂಗಿ, ಎದೆಯವರೆಗೆ ಗಡ್ಡ. ಜನ ಸುತ್ತ ಸೇರಿತು.

"ಈ ಅಮ್ಮನವರು ಹೇಳುವುದು ಸತ್ಯವಾಗಿರುತ್ತದೆ" ಅಂದರು ಸ್ವಾಮಿಗಳು, ಗುಡಿಯಲ್ಲಿ ಪ್ರಸಂಗ ಮಾಡುವ ಧ್ವನಿಯಲ್ಲಿ. "ಕಿತ್ತಳೆ ಹಣ್ಣುಗಳನ್ನು ನಾನು ಕಣ್ಣಾರೆ ಕಂಡೆನು. ಅವು ಒಣಗಿದ್ದವು."

ಜನ ಗೊಳ್ಳೆಂದು ನಕ್ಕರು. ಅವರು ನಗಲಿಲ್ಲ. ನಾನೂ ನಗಲಿಲ್ಲ.

ದಸರಾ ಹತ್ತಿರ ಬರುತ್ತಿತ್ತು. ವರ್ಷದ ದುಡಿಮೆಯೆಲ್ಲ ಬಸ್ಸಿನವರಿಗೆ ಆ ಹತ್ತು ದಿನದಲ್ಲಿ. ಸುತ್ತಿನ ಹಳ್ಳಿಗಳೆಲ್ಲ ಮೈಸೂರಿಗೇ ಬರುತ್ತವೆ. ನವರಾತ್ರಿಗೆ ಮೂರು ದಿನ ಇದೆ ಅನ್ನುವಾಗ ಸಾಹುಕಾರರು ವಕೀಲರ ಮನೆಗೆ ಬಂದು ಮದರಾಸಿನ ಖರ್ಚಿಗೆ ಆಗುವಷ್ಟನ್ನು ಕೊಟ್ಟು ಹೋದರು. ನನ್ನ ಮುಖ ನೋಡಲಿಲ್ಲ. ಹೊಸ್ತಿಲು ದಾಟುವಾಗ, "ಹೆಂಗಸಿಗೆ ಇಷ್ಟು ಹಠ ಆಗ್ಬಾರ್ದು" ಅಂದರು.

"ಆಷಾಢದಲ್ಲೇ ಕೊಟ್ಟಿದ್ರೆ ನನ್ನ ಹಠ ನೀವು ನೋಡ್ತಾನೇ ಇರ್ಲಿಲ್ಲ" ಅಂದೆ.

ಊರೆಲ್ಲ ದೀಪಾಲಂಕಾರ ನೋಡಲು ಮೈಸೂರಿಗೆ ಬರುತ್ತಿದ್ದಾಗ ನಾವಿಬ್ಬರು ಮದರಾಸಿನ ರೈಲು ಹತ್ತಿದೆವು. ಆ ದೊಡ್ಡ ಡಾಕ್ಟರು ಕಾಲನ್ನು ಒತ್ತಿದರು, ತಿರುಗಿಸಿದರು, ಕಪ್ಪು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಎರಡು ತಿಂಗಳು ಮುಂಚೆ ಬರಬೇಕಿತ್ತು. ಈಗ ಮುರಿದರೆ ಮತ್ತೆ ಕೂಡುವುದು ಸಂದೇಹ, ಕಾಲನ್ನೇ ತೆಗೆಯಬೇಕಾದೀತು. ಇದ್ದ ಹಾಗೆ ಇರಲಿ. ನೋಡಿದ್ದಕ್ಕೆ ಅವರು ಏನೂ ತೆಗೆದುಕೊಳ್ಳಲಿಲ್ಲ.

ವಾಪಸ್ಸು ಬರುವಾಗ ನಮ್ಮವರು ಕಿಟಕಿಯ ಪಕ್ಕ ಕೂತಿದ್ದರು. ಬಹಳ ದೂರ ಬಂದ ಮೇಲೆ, "ಬುಡು ಲೂರ್ದು. ಎಡಗಾಲೈತಲ್ಲ, ಅದ್ರಲ್ಲೇ ತುಳೀತೀನಿ. ಜೀವ ಐತೆ, ಕೈ ಐತೆ, ನೀನೇ ಎಣಿಸ್ತಿದ್ಯಲ್ಲ" ಅಂದರು.

ನಾನು ಎಣಿಸಲಿಲ್ಲ. ನನ್ನ ಜೀವಮಾನದಲ್ಲಿ ಅದೊಂದು ದಿನ ದೇವರಿಗೆ ವಂದನೆ ಹೇಳಲಿಲ್ಲ.

ಅವರು ಎಡಗಾಲಿನಲ್ಲಿ ತುಳಿಯುವುದನ್ನು ಕಲಿತರು. ನಿಧಾನ, ಎರಡು ದಿನದ ಕೋಟು ನಾಲ್ಕು ದಿನ. ಸಂಜೆ ಸೊಂಟ ಹಿಡಿದುಕೊಳ್ಳುತ್ತಿತ್ತು, ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಮುಂದೆ ಎಷ್ಟೋ ವರ್ಷದ ಮೇಲೆ, ರಸ್ತೆಯ ಜನಕ್ಕಾಗಿ ಇನ್ಶೂರೆನ್ಸು ಮಾಡಿಸದೆ ಮೋಟಾರು ಓಡಿಸುವ ಹಾಗಿಲ್ಲ ಅಂತ ಕಾನೂನು ಬಂದದ್ದನ್ನು ಮಗಳು ಪತ್ರಿಕೆಯಲ್ಲಿ ಓದಿ ಹೇಳಿದಳು. ಅವರು ಮಿಷನ್ನು ನಿಲ್ಲಿಸಿ ಕೇಳಿಸಿಕೊಂಡು, "ಒಳ್ಳೇದಾಯ್ತು" ಅಂದು ಮತ್ತೆ ತುಳಿಯತೊಡಗಿದರು. ಅಷ್ಟೇ.

ಆ ದಸರಾ ಕಳೆದ ವಾರ ಸ್ವಾಮಿಗಳ ಹತ್ತಿರ ಹೋಗಿ, ಆ ಇಬ್ಬರ ಮೇಲೆ ನನಗೆ ಸಿಟ್ಟು ಹೋಗುತ್ತಿಲ್ಲ, ಏನು ಮಾಡಲಿ ಅಂತ ಕೇಳಿದೆ. ದಿನವೂ ಅವರಿಗಾಗಿ ಪ್ರಾರ್ಥಿಸು ಅಂದರು. ಅವತ್ತಿನಿಂದ ಸಂಜೆಯ ಜಪ ಮುಗಿದ ಮೇಲೆ ಅವರಿಬ್ಬರಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ಇಲ್ಲಿ ಬರೆಯದ ಹೆಸರನ್ನು ಅಲ್ಲಿ ಪೂರ್ತಿ ಹೇಳುತ್ತೇನೆ. ತಂದೆಯ ಹೆಸರು, ಬೀದಿಯ ಹೆಸರು, ಬಸ್ಸಿನ ನಂಬರು ಸಮೇತ.

"ನಂಬರ್ ಯಾಕೆ ಕಣೇ ದೇವ್ರಿಗೆ?" ಅಂತ ನಮ್ಮವರು ಒಂದು ಸಂಜೆ ಕೇಳಿದ್ದರು.

"ಬಸ್ಸು ಬಾವಮೈದನ ಹೆಸರಲ್ಲಿ ಅದೆಯಲ್ಲ" ಅಂದೆ. "ಮೇಲೂ ಹಾಗೇ ತೋರಿಸಿ ತಪ್ಪಿಸಿಕೊಂಡಾರು."